ಹೋಗುವವರ ಹಿಂದೆ ನೀರು

“ತಾಬಾನ್ ಸರ್ಮದಿ, ಎಲ್ಲಾ ಸಾಮಾನು ತಗೊಂಡು ಬಾ.”

ಕಾವಲುಗಾರ್ತಿ ಬಾಗಿಲ ಕಿಂಡಿಯಲ್ಲಿ ಕೂಗಿದ್ದೇ ತಡ, ಟೆಹರಾನ್ ಜೈಲಿನ ಆ ಕೋಣೆ ಮದುವೆಮನೆಯಾಯಿತು. ಎಲ್ಲಾ ಸಾಮಾನು ಅಂದರೆ ಬಿಡುಗಡೆ. ವಿದ್ಯಾರ್ಥಿನಿ ನೊಗ್ರೆ ತಟ್ಟೆ ಬಡಿಯುತ್ತ ಮಂಚ ಹತ್ತಿ ಕುಣಿದಳು. ತಾಬಾನ್ ಎರಡೂ ಕಾಲನ್ನು ಒಂದೇ ಕಾಲುಚೀಲಕ್ಕೆ ತೂರಿಸಲು ಹೋಗಿ ಬಿದ್ದಳು. ಬಿದ್ದಲ್ಲೇ ನಕ್ಕಳು.

ಯಾವುದೋ ಮನವಿಗೆ ಸಹಿ ಹಾಕಿದ್ದಕ್ಕೆ ಒಳಗಿದ್ದ ಮುದಿ ಟೀಚರ್ ಎಫ್ಫತ್ ಖಾನಂ ಮಾತ್ರ ಎದ್ದು ನೇರ ನೀರಿನ ಜಗ್ಗಿನ ಕಡೆ ನಡೆದರು.

“ಖಾನಂ, ಆ ಜಗ್ ಕೆಳಗಿಡಿ.” ನೊಗ್ರೆ ಮಂಚದಿಂದಲೇ ಹಾರಿದಳು.

“ಬಾಯಾರಿಕೆ ಕಣೇ.”

“ಹೋದ ಸಲಾನೂ ನಿಮಗೆ ಬಾಯಾರಿಕೇನೇ ಆಗಿತ್ತು.”

ಹೊರಟವರು ಬೇಗ ಮರಳಲಿ ಅಂತ ಅವರ ಹಿಂದೆ ನೀರು ಚೆಲ್ಲಿ ಚೆಲ್ಲಿ ಪಳಗಿದ ಕೈ ಎಫ್ಫತ್ ಖಾನಂರದು. ಗಂಡ ಯುದ್ಧಕ್ಕೆ ಹೊರಟಾಗ ಚೆಲ್ಲಿತ್ತು, ಅವನು ಜೀವಸಹಿತ ಬಂದಿದ್ದ. ಹೋದ ಚಳಿಗಾಲ ತಾಬಾನಳನ್ನು ಬಿಟ್ಟಾಗಲೂ ತನ್ನಷ್ಟಕ್ಕೆ ತಾನೇ ಒಂದು ಲೋಟ ಚೆಲ್ಲಿಬಿಟ್ಟಿತ್ತು. ಸಂಜೆಯೊಳಗೆ ಅವಳನ್ನು ವಿಮಾನದ ಮೆಟ್ಟಿಲಿನಿಂದ ಇಳಿಸಿ ತಂದು ಇದೇ ಕೋಣೆಗೆ ಬಿಸಾಕಿದ್ದರು.

ಎರಡು ಸರ್ಕಾರಗಳ ಚೌಕಾಸಿ ಮುರಿದಿತ್ತು, ಅಷ್ಟೇ. ತಾಬಾನಳಂತೆ ಸ್ವೀಡನ್ನಿನ ಪಾಸ್‌ಪೋರ್ಟೂ ಇರುವ ಹೆಂಗಸು ಕಾಯಿಲೆಯ ತಾಯಿಯನ್ನು ನೋಡಲು ಹುಟ್ಟಿದೂರಿಗೆ ಬಂದರೆ, ಬೇಹುಗಾರ್ತಿ ಅಂತ ಹೆಸರಿಟ್ಟು ಕೂಡಿಹಾಕಿ, ಸಂತೆಯ ಕುರಿಯ ಹಾಗೆ ಬಾಯಿ ಬಿಡಿಸಿ ಬೆಲೆ ಕಟ್ಟುವ ಗಂಡಸರು. ಅವರನ್ನು ಕೇಳುವವರು ಯಾರು? ಕೋಣೆ ಬೈದದ್ದು ಎಫ್ಫತ್ ಖಾನಂರನ್ನು.

ಜಗ್ಗು ಮಂಚದಡಿ ಸೇರಿತು. ಚಹದ ಲೋಟಗಳನ್ನೆಲ್ಲ ನೊಗ್ರೆ ದಿಂಬಿನ ಚೀಲಕ್ಕೆ ತುಂಬಿ ಗಂಟು ಹಾಕಿದಳು.

“ಖಾನಂ ಜಾನ್,” ತಾಬಾನ್ ಮುದುಕಿಯ ಎರಡೂ ಕೈ ಹಿಡಿದಳು. ನಗು ತಡೆಯಲಾಗುತ್ತಿಲ್ಲ. “ನೀವು ಹೊರಗೆ ಬಂದ್ಮೇಲೆ ಶಿರಾಜಿನ ನಿಮ್ಮ ಮನೆಗೆ ಬರ್ತೀನಿ. ಹೊರಡೋವಾಗ ಒಂದು ಕೊಡ ಸುರೀರಿ. ಮತ್ತೆ ಮತ್ತೆ ಬರ್ತೀನಿ.”

“ಕೊಡ ಯಾಕೆ, ಬಾವೀನೇ ಮಗುಚ್ತೀನಿ. ಈಗ ತೊಲಗು. ನಿನ್ನ ಮುಖ ಮತ್ತೆ ಇಲ್ಲಿ ಕಾಣಿಸಬಾರದು.”

“ಎಷ್ಟೊತ್ತು?” ಕಾವಲುಗಾರ್ತಿ ಬಾಗಿಲು ತೆರೆದಳು. “ಅಪ್ಪನ ಮನೆಯಿಂದ ಹೊರಟಂಗೆ ಆಡ್ತೀಯಲ್ಲ.”

“ಅಪ್ಪನ ಮನೇಲಿ ಇಷ್ಟು ಬೀಗ ಇರಲಿಲ್ಲ ಬಿಡಿ,” ಎಂದಳು ತಾಬಾನ್. ಹೊಸ್ತಿಲು ದಾಟಿಯೇಬಿಟ್ಟಳು.

ಎಫ್ಫತ್ ಖಾನಂರ ಕೈ ಗಾಳಿಯಲ್ಲಿ ಲೋಟ ಹುಡುಕಿತು. ಸಿಗಲಿಲ್ಲ. ಕಣ್ಣು ತುಂಬಿತು.

“ಖಾನಂ, ಅಳಬೇಡಿ,” ನೊಗ್ರೆ ಪಿಸುಗುಟ್ಟಿದಳು. “ಅದೂ ನೀರೇ.”

ಮುದುಕಿ ಥಟ್ಟನೆ ಮುಖವನ್ನು ಚಾವಣಿಗೆ ಎತ್ತಿದರು. ಪಕ್ಕದಲ್ಲಿ ನೊಗ್ರೆಯೂ ಎತ್ತಿದಳು. ಚಪ್ಪಲಿಯ ಸದ್ದು ಕಾರಿಡಾರಿನ ಕೊನೆಯ ಬಾಗಿಲು ದಾಟುವವರೆಗೆ ಇಬ್ಬರೂ ಹಾಗೇ, ಕಿಸಿಕಿಸಿ ನಗುತ್ತ, ಮೇಲೆ ನೋಡುತ್ತ ನಿಂತರು. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. ನೆಲಕ್ಕೆ ಒಂದು ಹನಿಯನ್ನೂ ಬೀಳಗೊಡಲಿಲ್ಲ.