ಬಿಳಿ ಮರಿಯ ಉಣ್ಣೆ

“ಯಾರನ್ನ ಕೇಳಿ ಅಲ್ಲಿ ಹಾಕ್ದಿ ಆ ನೂಲು? ಹೇಳು, ಯಾರನ್ನ ಕೇಳ್ದಿ?”

ಮೌನಮ್ಮ ರಾಮಸಮುದ್ರದ ಕಡೆ ಹತ್ತಿ ಬಿಡಿಸಲು ಹೋಗಿ, ವಾರದ ಮೇಲೆ ಮನೆಗೆ ಬಂದಿದ್ದಳು. ತಲೆಯ ಮೇಲಿನ ಗಂಟು ಇನ್ನೂ ಇಳಿಸಿರಲಿಲ್ಲ. ಪಡಸಾಲೆಯಲ್ಲಿ ಗಂಡ ನೇತುಹಾಕಿದ್ದ ಹೊಸ ಕಂಬಳಿಯ ಮುಂದೆ ನಿಂತುಬಿಟ್ಟಿದ್ದಳು. ಕರಿ ಕಂಬಳಿಯಲ್ಲಿ ಕಂದು ಉಣ್ಣೆಯ ಕುರಿಗಳು, ನಾಯಿ, ಕೋಲು ಹಿಡಿದ ಮುದುಕ. ನಡುವೆ ಈ ಅಂಚಿನಿಂದ ಆ ಅಂಚಿಗೆ ಬೆಳ್ಳಗೆ ಹರಿದ ಕಾಲುವೆ.

“ನೂಲು ಇರೂದು ನೇಯಾಕ,” ಎಂದ ಬೀರಣ್ಣ, ಲಾಳಿಗೆ ಎಣ್ಣೆ ಸವರುತ್ತ. “ಪ್ರದರ್ಶನಕ್ಕ ನಿಮ್ಮ ಊರಿನ ಕಥಿ ನೇಯ್ದು ಕೊಡು ಅಂದ್ರು ಶಹಾಪುರದ ಸಂಘದ ಮೇಡಮ್ಮು. ಕಾಲುವಿ ಬಿಟ್ರ ಈ ಊರಿಗಿ ಯಾವ ಕಥಿ ಅದ?”

“ಕಂದು ನೂಲು ಇರ್ಲಿಲ್ಲೇನು?”

“ನೀರು ಕಂದು ಇರ್ತದೇನು, ಹುಚ್ಚಿ?”

“ಮಳಿಗಾಲದಾಗ ಇರ್ತದ. ಅವತ್ತು ಇತ್ತು.”

ಬೀರಣ್ಣ ಲಾಳಿಯನ್ನು ಕೆಳಗಿಟ್ಟ.

ಕರಿ ಹಿಂಡಿನಲ್ಲಿ ಒಂದೇ ಒಂದು ಬಿಳಿ ಮರಿ ಹುಟ್ಟಿತ್ತು. ಅದು ನಂದು ಎಂದಿದ್ದಳು ಮಗಳು ಶೇಖಮ್ಮ. ಅದನ್ನು ತೊಳೆಯಲು ಕಾಲುವೆಗೆ ಇಳಿದವಳು ಮೇಲೆ ಬರಲಿಲ್ಲ. ಮರಿ ಈಜಿ ದಡ ಹತ್ತಿತು. ಆಮೇಲೆ ಕುರಿ ಮೇಯುತ್ತಿದ್ದ ಬೀಳೆಲ್ಲ ಭತ್ತದ ಗದ್ದೆಯಾಗಿ ಹಿಂಡನ್ನೇ ಮಾರಬೇಕಾಯಿತು. ಮಾರುವ ಮುಂಚೆ ಮೌನಮ್ಮ ಬಿಳಿ ಮರಿಯ ಉಣ್ಣೆ ಕತ್ತರಿಸಿ, ಗಡಿಗೆಯಲ್ಲಿ ತುಂಬಿ ನೆಲುವಿಗೆ ಏರಿಸಿದಳು. ಇಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲ. ಮೇಡಂ ಊರಿನ ಕಥೆ ನೇಯ್ದು ಕೊಡಲು ಹೇಳಿದ ದಿನವೇ ಇಳಿಸಿ, ನೂತು, ಉಂಡೆ ಸುತ್ತಿ ಗಂಡನ ಕೈಗೆ ಕೊಟ್ಟಿದ್ದಳು: ಕುರಿಗಳ ನಡುವೆ ಹುಡುಗಿಯನ್ನು ನಿಲ್ಲಿಸು.

“ಮನ್ಯಾಗ ಅಕೀದು ಒಂದು ಫೋಟೊ ಇಲ್ಲ,” ಎಂದಳು ಮೌನಮ್ಮ. “ಮಾರಿ ಹೆಂಗಿತ್ತು ಅನ್ನೂದು ನನಗ ಮರ್ತು ಹೋಗಾಕತ್ತದ. ಅದಕ್ಕ ಕೊಟ್ಟಿದ್ದೆ. ನೀ ಅಕೀನ ಒಯ್ದು ಮತ್ತ ಕಾಲುವ್ಯಾಗ ಹಾಕಿ ಬಂದಿ.”

“ಮತ್ತೇನು ಮಾಡ್ಬೇಕಿತ್ತು? ಯಾರದೋ ಗ್ವಾಡಿಗಿ ಮಗಳನ್ನ ತೂಗುಹಾಕಿ, ಅವ್ರು ಚಾ ಕುಡಕೋತ ನೋಡ್ಲಿ ಅಂತ ಮಾರ್ಲೇನು? ಬಾಯಿ ಮುಚ್ಚು.”

ಅದು ನಿಜವಲ್ಲ. ಅವನು ಮಗಳನ್ನು ನೇಯ್ದಿದ್ದ. ಲಂಗದ ಅಂಚು ಬಂತು, ಮರಿಯ ಕೊರಳ ಮೇಲಿಟ್ಟ ಕೈ ಬಂತು. ಕಂಬಳಿಯಲ್ಲಿ ಮುಖವೆಂದರೆ ಹೆಬ್ಬೆರಳಗಲದ ಒಂದು ಚುಕ್ಕೆ, ಅಷ್ಟೇ. ಅಲ್ಲಿಗೆ ಬಂದಾಗ ಕೈ ಏಳಲಿಲ್ಲ. ಅವನಿಗೂ ಮುಖ ಮರೆತಿತ್ತು. ಎಳೆಗಳ ಗಂಜಿ ಹಸಿಯಿದ್ದಾಗಲೇ ಎಳೆದು ಬಿಚ್ಚಿ, ಅದೇ ನೂಲನ್ನು ಅಂಚಿನಿಂದ ಅಂಚಿಗೆ ಓಡಿಸಿಬಿಟ್ಟಿದ್ದ. ಇಷ್ಟನ್ನು ಹೇಳಿದ್ದರೆ ಅವಳು ಗಂಟು ಇಳಿಸಿ ಕೂಡುತ್ತಿದ್ದಳೋ ಏನೋ.

“ಬೇಕಾದ್ರ ಬಿಚ್ಚಿಕೋ,” ಎಂದ.

“ಮಗ್ಗದ ಹಾಸಿನ ಎಳಿಗೆಲ್ಲ ಹುಣಸಿಬೀಜದ ಗಂಜಿ ಸವರಿದಾಕಿ ನಾನು. ಒಣಗಿದ ಮ್ಯಾಲ ಎಳದ್ರ ನೂಲು ಹರೀತದ, ಬಿಚ್ಚೂದಿಲ್ಲ. ನನಗ ಹೇಳ್ತಿ?”

ಗೋಡೆಯ ಗೂಡಿನಲ್ಲಿದ್ದ ತನ್ನ ನೂಲುವ ಕದಿರನ್ನು ತೆಗೆದು ಟೊಂಕಕ್ಕೆ ಸಿಕ್ಕಿಸಿಕೊಂಡಳು. ಕಂಬಳಿಯನ್ನು ಒಂದು ಕೈಯಿಂದ ಸರಿಸಿ ಬಾಗಿಲಿಗೆ ನಡೆದಳು.

“ಎಲ್ಲಿಗಿ?”

“ಕಡೇಚೂರಿಗಿ. ಅಣ್ಣನ ಮನಿಗಿ.”

“ಹೋಗು ಹೋಗು. ಎಷ್ಟು ದಿನ ಇರ್ತಿ ನಾನೂ ನೋಡ್ತೀನಿ.”

ಅವಳು ಹೊಸ್ತಿಲು ದಾಟಿದಳು.

ಕಾಲುವೆಯ ನೀರು ನಿಲ್ಲಿಸಿದರು, ಮತ್ತೆ ಬಿಟ್ಟರು. ಮೌನಮ್ಮ ಬರಲಿಲ್ಲ. ಕಂಬಳಿ ಒಯ್ಯಲು ಶಹಾಪುರದಿಂದ ಆಟೊ ತಂದ ಹಸನಸಾಬ ಒಳಗೆ ಬಂದವನೇ ಬಾಯಿ ತೆರೆದು ನಿಂತ.

“ಇದೇನು ಮಾಮಾ, ನಟ್ಟನಡುವ ಇಲಿ ತಿಂದಾವೇನು?”

“ಕಂಬಳಿ ಕೊಡೂದಿಲ್ಲ ಅಂತ ಹೇಳು ಮೇಡಮ್ಮಗ.”

ಬೀರಣ್ಣನ ಮಡಿಲಲ್ಲಿ, ಒಂದೊಂದಾಗಿ ಎಳೆದು ತೆಗೆದ ಬೆರಳುದ್ದದ ಬಿಳಿ ನೂಲಿನ ತುಂಡುಗಳ ರಾಶಿಯಿತ್ತು. ಕಂಬಳಿ ಇನ್ನೂ ಅಲ್ಲೇ ತೂಗುತ್ತಿತ್ತು. ಕಾಲುವೆ ಇದ್ದಲ್ಲಿ ಈಗ ಉದ್ದಕ್ಕೆ ಬಿಟ್ಟ ಹಾಸಿನ ಎಳೆಗಳು ಮಾತ್ರ. ಅವುಗಳ ಸಂದಿಯಿಂದ, ಕುಳಿತಲ್ಲಿಂದಲೇ, ತೆರೆದ ಬಾಗಿಲು ಕಾಣುತ್ತಿತ್ತು.