ಹಿಂದೆ ಕೂತವಳು

ದೀಕ್ಷಾ ಮೈಕಿನವನ ಕಿವಿಯಲ್ಲಿ ಏನೋ ಹೇಳುತ್ತಿದ್ದುದನ್ನು ತುಂಗಾ ಬಾಗಿಲಲ್ಲೇ ನಿಂತು ನೋಡಿದರು. ಪಕ್ಕದಲ್ಲಿ ತಲೆಯಾಡಿಸುತ್ತಿದ್ದವರು ಗಂಡ ಅಣ್ಣಯ್ಯ. ತುಂಗಾ ಅವರನ್ನು ಕಂಡದ್ದೇ ಮೂವರ ಮಾತೂ ನಿಂತಿತು.

ಬ್ರಹ್ಮಾವರದ ಹೊಸ ಕನ್ವೆನ್ಷನ್ ಸೆಂಟರಿಗೆ ಆ ಸಂಜೆ ಉದ್ಘಾಟನೆ. ಸಾವಿರ ಕುರ್ಚಿಯ ಸಂಗೀತ ಸಭಾಂಗಣ. ಮೊದಲ ಕಛೇರಿ ತುಂಗಾ ಅವರದು. ಅರುವತ್ತಮೂರರಲ್ಲಿ ಇಂಥ ಕರೆ ಬಂದೀತೆಂದು ಅವರೇ ಎಣಿಸಿರಲಿಲ್ಲ. ಎರಡು ವರ್ಷಗಳಿಂದ ಹಾಡಿದಲ್ಲೆಲ್ಲ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಬೈಂದೂರಿನಲ್ಲಿ ಗಂಟಲು ಕಟ್ಟಿದ್ದ ದಿನವೂ, ಇದು ಇಪ್ಪತ್ತರ ಹರೆಯದ ದನಿ ಎಂದು ಒಬ್ಬರು ಕಣ್ಣೊರೆಸಿಕೊಂಡಿದ್ದರು.

ದೀಕ್ಷಾ ಒಂಬತ್ತು ವರ್ಷಗಳ ಶಿಷ್ಯೆ. ಕಛೇರಿಯಲ್ಲಿ ಹಿಂದೆ ಕೂತು ತಂಬೂರಿ ಮೀಟುತ್ತ ದನಿಗೂಡಿಸುವವಳು. ಫೋನಿನಲ್ಲಿ ಅವಳು ಮಾತಾಡಿದರೆ ತುಂಗಾ ಟೀಚರೇ ಎಂದುಕೊಳ್ಳುವವರಿದ್ದರು.

ತುಂಗಾ ವೇದಿಕೆ ಹತ್ತಿದರು. ದೀಕ್ಷಾ ಕೂರುವಲ್ಲಿಟ್ಟ ಮೈಕ್ ತಮ್ಮದಕ್ಕಿಂತ ಒಳ್ಳೆಯದು. ದೀಕ್ಷಾಳತ್ತ ತಿರುಗಿದರು.

“ಎಂತ ಹೇಳ್ತಿದ್ದೆ ಅವ್ನ್ ಹತ್ರ?”

“ಎಂತದೂ ಇಲ್ಲೆ ಟೀಚರ್. ಮೈಕಿನ್ ಬಗ್ಗೆ.”

“ಇವತ್ತ್ ದೊಡ್ಡ್ ದೊಡ್ಡ್ ಜನ ಬತ್ರ್. ಅವ್ರೆದ್ರು ನಿನ್ನ್ ದನಿ ಮೇಲ್ ಮಾಡ್ಕಂಬ ಉಪಾಯ, ಅಲ್ದಾ?”

ದೀಕ್ಷಾಳ ಕಣ್ಣು ತುಂಬಿತು. “ನಾ ಇಷ್ಟ್ ದಿನ ಹಾಡಿದ್ದೆಲ್ಲ ನಿಮ್ಮ್ ಹೆಸ್ರಿಗೇ ಟೀಚರ್.”

“ಮನೆಗ್ ಹೋಗ್. ಇವತ್ತ್ ನಾ ಒಬ್ಳೇ ಹಾಡ್ತೆ.”

ಅಣ್ಣಯ್ಯ ಅಡ್ಡ ಬಂದರು. “ತುಂಗಾ, ಇವತ್ತೊಂದ್ ದಿನ ಅವ್ಳ್ ಇರ್ಲಿ. ಕೈ ಮುಗಿತೆ.”

ಮೂವತ್ತೆಂಟು ವರ್ಷಗಳ ಸಂಸಾರದಲ್ಲಿ ಅವರು ಹೆಂಡತಿಗೆ ಕೈ ಮುಗಿದದ್ದಿಲ್ಲ. ಈಗ ಮುಗಿದರು, ಬೇರೊಬ್ಬಳಿಗಾಗಿ.

“ನೀವೂ ಅವ್ಳ್ ಬದಿಗಾ?”

ದೀಕ್ಷಾ ತಂಬೂರಿ ಕೆಳಗಿಟ್ಟು, ಟೀಚರ ಕಾಲು ಮುಟ್ಟಿ, ತಿರುಗಿ ನೋಡದೆ ಹೊರಟುಹೋದಳು.

ಜನ ಬರುವ ಮೊದಲು ಮೈಕ್ ನೋಡಲೆಂದು ತುಂಗಾ ಚಕ್ಕಳಮಕ್ಕಳ ಹಾಕಿ ಕೂತು ಷಡ್ಜ ಹಿಡಿದರು. ಎದುರಿನ ಪುಟ್ಟ ಸ್ಪೀಕರಿನಲ್ಲಿ ಅವರ ದನಿ ಅವರಿಗೆ ಕೇಳಿಸಿತು. ಸಾಕು, ಯಾರ ಹಂಗೂ ಬೇಡ. ಕೆಳಗಿಳಿದು ಮೊದಲ ಸಾಲಿನಲ್ಲಿ ಕೂತ ಅಣ್ಣಯ್ಯ ತಲೆ ಎತ್ತಲಿಲ್ಲ.

ಮೈಕಿನ ರವಿರಾಜ್ ವೇದಿಕೆಯ ಬಳಿ ಬಂದ. ಆ ಸಭಾಂಗಣಕ್ಕೆ ಹೊಸದಾಗಿ ಸೇರಿದವನು. ತುಂಗಾ ಅವರ ಕಛೇರಿಗೆ ಮೈಕ್ ಹಿಡಿಯುತ್ತಿರುವುದು ಇದೇ ಮೊದಲು. ದೀಕ್ಷಾಳ ಖಾಲಿ ಜಾಗವನ್ನೊಮ್ಮೆ, ಅಣ್ಣಯ್ಯನವರನ್ನೊಮ್ಮೆ ನೋಡಿದ.

“ಅಮ್ಮಾ, ಎರಡ್ ವರ್ಷದಿಂದ ನಿಮ್ಮ್ ಮೈಕ್ ನಿಮ್ಮೆದ್ರಿನ ಸ್ಪೀಕರಿಗೆ ಮಾತ್ರ, ಜನ್ರಿಗ್ ಕೇಳೂದ್ ಹಿಂದ್ ಕೂತವ್ರ್ ಮೈಕ್ ಅಂದಿದ್ರಲೆ ಇವ್ರ್,” ಎಂದು ತಡವರಿಸಿ ಅವನೇ ಮುಂದುವರಿಸಿದ.

“ಈಗ ದೀಕ್ಷಾ ಅವ್ರೂ ಹೋದ್ರ್. ಇವತ್ತ್ ಹಾಡೂದ್ ಯಾರ್?”