ಶಂಕ್ರೆವ್ವನ ಸೇಡು

ಕಲ್ಮೇಶ ಕೈ ತೊಳೆದು ಬಂದು ಕೂತಾಗ ಅವನ ಮುಂದಿನ ತಾಟು ಬೋರಲಾಗಿತ್ತು. ಮಗುಚಿದವಳು ಖಾನಾವಳಿಯ ಒಡತಿ ಶಂಕ್ರೆವ್ವ.

"ನಿನಗ ಇಲ್ಲಿ ರೊಟ್ಟಿ ಇಲ್ಲ. ಬ್ಯಾರೆ ಖಾನಾವಳಿ ನೋಡ್ಕೋ."

ಇಂಡಿ ಬಸ್ ನಿಲ್ದಾಣದ ಎದುರಿನ ಆ ಖಾನಾವಳಿಯಲ್ಲಿ ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಯಾರೂ ಕಲ್ಮೇಶನ ಪರವಾಗಿ ಮಾತಾಡಲಿಲ್ಲ. ಊರ ಕಬಡ್ಡಿ ತಂಡಕ್ಕೆ ಅವನೇ ನಾಯಕ. ಸಿಂದಗಿಯ ಪಂದ್ಯಾವಳಿಗೆ ಹೋಗುವವರ ಹೆಸರನ್ನು ಹಿಂದಿನ ದಿನವಷ್ಟೇ ಓದಿದ್ದ. ಅದರಲ್ಲಿ ಸಿದ್ದರಾಯ ಇರಲಿಲ್ಲ.

ಸಿದ್ದರಾಯ ಇಲ್ಲದ ಇಂಡಿ ತಂಡವನ್ನು ಯಾರೂ ನೋಡಿದವರಲ್ಲ. ಟೆಂಪೋ ಓಡಿಸುವ ಮನುಷ್ಯ, ವಯಸ್ಸು ನಲವತ್ತರ ಹತ್ತಿರ. ಆದರೆ ಎದುರಾಳಿಯ ಅಂಗಳಕ್ಕೆ ನುಗ್ಗಿ ಎಡಗಾಲು ಬೀಸಿದನೆಂದರೆ ಇಬ್ಬರಾದರೂ ಔಟಾಗುತ್ತಿದ್ದರು. ಹೋದ ವರ್ಷ ಮುದ್ದೇಬಿಹಾಳದಿಂದ ಢಾಲು ಗೆದ್ದು ತಂದಾಗಿನಿಂದ ಅವನ ಮನೆಯ ಒಲೆ ಉರಿದದ್ದೇ ಕಡಿಮೆ. ದಿನಕ್ಕೊಬ್ಬರು ಕರೆದು ಉಣಿಸುತ್ತಿದ್ದರು. ಶಂಕ್ರೆವ್ವನ ಕಡೆ ಬಂದರಂತೂ ಅವನ ತಾಟಿಗೆ ಶೇಂಗಾ ಹೋಳಿಗೆ, ಅದರ ಮೇಲೆ ಧಾರೆ ತುಪ್ಪ.

"ಮುದುಕ ಆದ ಅಂತ ತೆಗದ್ಯಾ?" ಅವಳು ಕೇಳಿದಳು.

"ಅದಲ್ಲ, ದೊಡ್ಡವ್ವಾ."

"ಮತ್ತೇನು? ಬಾಯಿ ಬಿಡು."

ಕಲ್ಮೇಶ ಮೂಲೆಯಲ್ಲಿ ಉಣ್ಣುತ್ತಿದ್ದ ಸಿದ್ದರಾಯನ ಕಡೆ ನೋಡಿದ. ಸಿದ್ದರಾಯ ತಲೆ ಎತ್ತಲಿಲ್ಲ.

"ಒಂದ ಮಾತು ಹೇಳ್ತೇನಿ," ಕಲ್ಮೇಶ ಎದ್ದು ನಿಂತ. "ಅಂವಗ ಹಿಂಗ ಉಣಸೋದು ಬಿಡು."

ತಂಡದಿಂದ ತೆಗೆದದ್ದು ಸಾಲದೆಂದು ಬಾಯೊಳಗಿನ ತುತ್ತಿಗೂ ಕೈ ಹಾಕಿದ್ದ. ಅವನು ಹೊಸ್ತಿಲು ದಾಟುವ ಮೊದಲೇ ಶಂಕ್ರೆವ್ವ ಸಿದ್ದರಾಯನ ತಾಟಿಗೆ ಮತ್ತೊಂದು ಹೋಳಿಗೆ ಹಾಕಿದಳು.

ಮರುದಿನದಿಂದ ಸೇಡು ಶುರುವಾಯಿತು. ಕ್ಷೌರದಂಗಡಿಯವನು ಕಲ್ಮೇಶನ ಗಡ್ಡವನ್ನು ಅರ್ಧ ತೆಗೆದು ಊಟಕ್ಕೆ ಹೋದ, ತಿರುಗಿ ಬರಲಿಲ್ಲ. ಎಸ್‌ಟಿಡಿ ಬೂತಿನಲ್ಲಿ ಅವನೊಬ್ಬನಿಗೆ ಲೈನ್ ಸಿಗಲಿಲ್ಲ. ನಿಂಬೆ ಹರಿಯುವ ಆಳುಗಳ ಮೇಸ್ತ್ರಿ ಅಪ್ಪಾಸಾಬ ಅವನ ತೋಟಕ್ಕೆ ಒಬ್ಬರನ್ನೂ ಕಳಿಸಲಿಲ್ಲ. ಕಾಯಿ ಹಣ್ಣಾಯಿತು. ಹಣ್ಣು ಬುಡಕ್ಕೆ ಉದುರಿ ಕೊಳೆತು ವಾಸನೆ ರಸ್ತೆಗೆ ಬಂತು. ಒಂದು ಮಧ್ಯಾಹ್ನ ಶಂಕ್ರೆವ್ವ ಖಾನಾವಳಿ ಬಿಟ್ಟು ಆ ರಸ್ತೆಗುಂಟ ನಡೆದುಹೋಗಿ ಬಂದಳು, ವಾಸನೆ ನೋಡಲಿಕ್ಕೆಂದೇ.

"ಹೂಂ," ಎಂದಳು ಬಂದು. "ಇನ್ನೂ ಕೊಳೀಬೇಕು."

"ಕಲ್ಮೇಶಂದು ತಪ್ಪಿಲ್ಲ, ಅವ್ವಾ. ಬಿಟ್ಟಬಿಡ್ರಿ," ಎಂದ ಸಿದ್ದರಾಯ.

"ನೋಡ್ರಿ ಇಂವನ ಮನಸು. ಇಂಥಾವನ್ನ ತೆಗದಾನ."

ಆಮೇಲೆ ಸಿದ್ದರಾಯ ಖಾನಾವಳಿಗೆ ಬರುವುದನ್ನೇ ಬಿಟ್ಟ. ನಸುಕಿನಲ್ಲಿ ಸಿಂದಗಿ ರಸ್ತೆಯಲ್ಲಿ ಒಬ್ಬನೇ ಓಡುತ್ತಾನೆ ಎಂದರು. ಕರೆದರೆ ಯಾರ ಮನೆಗೂ ಹೋಗುವುದಿಲ್ಲ ಎಂದರು. ಅವನ ಗಲ್ಲಗಳು ಒಳಗೆ ಹೋಗಿದ್ದವು. ಕೊರಗು ಹಚ್ಚಿಕೊಂಡಿದ್ದಾನೆ, ತಲೆ ಕೆಟ್ಟರೂ ಕೆಟ್ಟೀತು ಎಂದು ಜನ ಮಾತಾಡಿಕೊಂಡರು. ಶಂಕ್ರೆವ್ವ ಹಲ್ಲು ಕಡಿದಳು.

ಪಂದ್ಯದ ದಿನ ಅಪ್ಪಾಸಾಬ ಟೆಂಪೋ ತಂದ. ಉಪಾಯ ಶಂಕ್ರೆವ್ವನದು. ಸಿದ್ದರಾಯನನ್ನು ಹೆಗಲ ಮೇಲೆ ಹೊತ್ತು ಮೈದಾನಕ್ಕೆ ಹೋಗಬೇಕು. ಸಿಂದಗಿಯವರ ಕಡೆ ಕೂರಿಸಬೇಕು. ಇಡೀ ಇಂಡಿ ಸಿಂದಗಿಗೆ ಜೈ ಅನ್ನಬೇಕು.

"ನಮ್ಮೂರು ಸೋತರ?" ಟೆಂಪೋದಲ್ಲಿ ಯಾರೋ ಕೇಳಿದರು.

"ಸೋಲಲಿ. ಕಲ್ಮೇಶ ಮಣ್ಣ ಮುಕ್ಕಲಿ. ನಾ ಬಂದಿರೋದ ಅದಕ್ಕ."

ಸಿದ್ದರಾಯ ಕೈಚೀಲ ಹಿಡಿದು ಆಗಲೇ ಬಸ್ಸಿಗೆ ಹೊರಟಿದ್ದ. ದಾರಿಯಲ್ಲಿ ತಡೆದು ಹತ್ತಿಸಿಕೊಂಡರು. ಊರು ದಾಟುತ್ತಲೇ ಶಂಕ್ರೆವ್ವ ಬುತ್ತಿ ಬಿಚ್ಚಿದಳು.

"ಒಲ್ಲೆ ಅವ್ವಾ. ಇವತ್ತೊಂದಿನ ಬ್ಯಾಡ."

"ಇವತ್ತ ಉಣಬೇಕು. ಹಸಗೊಂಡು ಹೋಗಿ ನಿಂತ್ರ ಅಂವ ನಗ್ತಾನ."

"ಆಮ್ಯಾಲ ಉಣ್ತೇನಿ. ಸಿಂದಗಿ ಮುಟ್ಟಿದ ಮ್ಯಾಲ."

"ಹಂಗಾದ್ರ ನಾ ನಿನಗ ಅವ್ವ ಅಲ್ಲ ಅನ್ನು. ಬುತ್ತಿ ಕಟ್ಟಿ ಇಡ್ತೇನಿ."

ಸಿದ್ದರಾಯ ಬಾಯಿ ತೆರೆದ. ಶಂಕ್ರೆವ್ವನದಾದ ಮೇಲೆ ಅಪ್ಪಾಸಾಬನದೊಂದು ತುತ್ತು. ಅವನದಾದ ಮೇಲೆ ಹಿಂದೆ ಕೂತವರದು. ಕಡೆಗೆ ಒಂದು ತಂಬಿಗೆ ಮಜ್ಜಿಗೆ. ಕುಡಿದು ತಂಬಿಗೆ ಇಳಿಸುವಾಗ ಅವನ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡ ಟೆಂಪೋ ತುಂಬ ಜನ ಕಲ್ಮೇಶನ ವಂಶವನ್ನೇ ಬೈದರು.

ಕಲ್ಮೇಶ ಮೈದಾನದ ಬಾಗಿಲಲ್ಲೇ ನಿಂತಿದ್ದ. ಧಿಕ್ಕಾರ ಕೂಗಿದರೂ ಅತ್ತಿತ್ತ ನೋಡಲಿಲ್ಲ. ಓಡಿ ಬಂದು ಸಿದ್ದರಾಯನ ರಟ್ಟೆ ಹಿಡಿದ.

"ಎಷ್ಟೊತ್ತು ಮಾಡ್ದಿ? ಒಂದು ಹೆಸರಿನ ಜಾಗಾ ಹಾಂಗ ಬಿಟ್ಟೇನಿ. ಅಂಗಿ ಕಳದು ಲಗೂನ ಹತ್ತು."

ಪೆಂಡಾಲಿನ ಹಿಂದೆ ಜೋಳದ ಚೀಲ ತೂಗುವ ದೊಡ್ಡ ಕಾಟಾ ಇತ್ತು. ಆಟಗಾರರು ಒಬ್ಬೊಬ್ಬರಾಗಿ ಅದರ ಮೇಲೆ ಹತ್ತಿ ಇಳಿಯುತ್ತಿದ್ದರು.

"ಏನಿದು?" ಶಂಕ್ರೆವ್ವನ ದನಿ ಸಣ್ಣಗಾಯಿತು.

"ಸಿಂದಗಿಯವರು ಈ ವರ್ಷ ತೂಕದ ಆಟ ಇಟ್ಟಾರ, ದೊಡ್ಡವ್ವಾ. ಎಪ್ಪತ್ತು ಕಿಲೋ ದಾಟಿದವರನ್ನ ಅಂಗಳಕ್ಕ ಬಿಡಂಗಿಲ್ಲ. ಇಂವ ಭಾಳ ದಾಟಿದ್ದ. ನಿನಗ ತಿಳಿಸಿದ್ರ ನೊಂದ್ಕೋತಿ ಅಂತ ನನ್ನ ಕಡೆ ಆಣಿ ಮಾಡಿಸಿದ." ಕಲ್ಮೇಶ ಬೆವರು ಒರೆಸಿಕೊಂಡ. "ಉಪಾಸ ಬಿದ್ದು, ಓಡಿ ಓಡಿ, ನಿನ್ನೆ ಸಂಜಿಗೆ ಸರಿಯಾಗಿ ಎಪ್ಪತ್ತಕ್ಕ ಬಂದಾನ."

"ಹ್ಯಾಂಡ್‌ಬಿಲ್ಲಿನಾಗ ಇತ್ತು," ಅಪ್ಪಾಸಾಬ ಗೊಣಗಿದ. "ಸಣ್ಣ ಹುಡುಗರಿಗಿರಬೇಕು ಅನಕೊಂಡಿದ್ದೆ."

ಸಿದ್ದರಾಯ ಯಾರ ಮುಖವನ್ನೂ ನೋಡದೆ ಕಾಟಾ ಹತ್ತಿದ. ನಿರ್ಣಾಯಕ ಬಗ್ಗಿ ನೋಡಿದ. ಇಳಿಸಿ, ಮತ್ತೊಮ್ಮೆ ಹತ್ತಿಸಿ ನೋಡಿದ.

"ಅರ್ಧಾ ಕಿಲೋ ಹೆಚ್ಚಾತ್ರಿ. ಮುಂಜಾನೆ ಇವರಿಗೆ ಏನು ಉಣಿಸಿ ಕರ್ಕೊಂಡು ಬಂದ್ರಿ?"